ಲಿಂಗನಿಷ್ಠ ಚನ್ನಪ್ಪನವರ ಬಲಗೈ

ನಮ್ಮ ಅಪ್ಪ ಚನ್ನಪ್ಪನವರಿಗೆ ಡೊಂಬಿವಲಿಯ ಸಮಾಜದವರು ಶಾಲು ಹೊದಿಸಿ 'ಲಿಂಗನಿಷ್ಠ' ಅಂತ ಬಿರುದು ಕೊಟ್ಟಿದ್ದರು. ಯಾತಕ್ಕೆ ಅಂದರೆ, ಎದೆಯ ಮೇಲೆ ತೂಗುವ ಬೆಳ್ಳಿಯ ಕರಡಿಗೆಯನ್ನು ಅವರು ದಿನಕ್ಕೆ ಮುನ್ನೂರು ಸಲ ಮುಟ್ಟಿಕೊಳ್ಳುತ್ತಿದ್ದರು. ಕರಡಿಗೆಯೊಳಗೆ ಇಷ್ಟಲಿಂಗ. ಮಾತಿನ ನಡುವೆ, ಊಟದ ನಡುವೆ, ಲೋಕಲ್ ಟ್ರೇನಿನಲ್ಲಿ ಒಂದು ಕಾಲಿನ ಮೇಲೆ ನೇತಾಡುವಾಗಲೂ ಬಲಗೈ ಎದೆಗೆ ಹೋಗಿ, ಅಂಗಿಯ ಮೇಲಿಂದ ತಡವಿ, ಇದೆ ಅಂತ ಖಾತ್ರಿ ಮಾಡಿಕೊಂಡು ಬರುತ್ತಿತ್ತು. ಅಧ್ಯಕ್ಷರು ಮೈಕಿನಲ್ಲಿ, "ಇಂಥ ಶರಣರನ್ನ ಈ ಕಾಲದಾಗ ದುರ್ಬೀನು ಹಾಕಿ ಹುಡುಕಬೇಕು" ಅಂದರು. ಆ ಮಾತು ಮುಗಿಯುವುದರೊಳಗೆ ಶರಣರು ಶಾಲಿನೊಳಗೆ ಕೈ ತೂರಿಸಿ ನಾಲ್ಕು ಸಲ ಮುಟ್ಟಿದ್ದರು. ಸಭೆ ಚಪ್ಪಾಳೆ ತಟ್ಟಿತು. ನಾನು ಮೂರನೆಯ ಸಾಲಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. ಯಾಕೆಂದರೆ ಆ ಸಮಾರಂಭಕ್ಕೆ ನಾವು ಒಂದು ಗಂಟೆ ತಡವಾಗಿ ಹೋಗಿದ್ದೆವು, ಮತ್ತು ತಡವಾದದ್ದು ಶರಣರು ಮನೆಯ ಬೀಗ ಜಗ್ಗುತ್ತಾ ನಿಂತದ್ದರಿಂದ. ಆ ಶಾಲನ್ನು ನಾನು ಮನೆಗೆ ತಂದು ಹೊಲಿಗೆ ಮಷಿನಿಗೆ ಹೊದಿಸಿದೆ.

ನಾನು ಪ್ರಭಾ, ಅವರ ಒಬ್ಬಳೇ ಮಗಳು. ಠಾಣೆಯ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಗಂಡ ಇನ್ನೊಂದು ಸಂಸಾರ ಮಾಡಿಕೊಂಡು ಸುಖವಾಗಿದ್ದಾನೆ, ಅವನ ಸುದ್ದಿ ಇಲ್ಲಿ ಬೇಡ. ಮಗಳು ರಮಿತಾಳನ್ನು ಕರೆದುಕೊಂಡು ಹನ್ನೊಂದು ವರ್ಷದಿಂದ ಡೊಂಬಿವಲಿ ಪೂರ್ವದಲ್ಲಿ ಅಪ್ಪ-ಅವ್ವನ ಜೊತೆಗೇ ಇದ್ದೇನೆ. ಹೀಗಾಗಿ ಅಪ್ಪನ ಬಗ್ಗೆ ಬರೆಯುವ ಹಕ್ಕು ನನಗಿದೆ. ಬೈಯುವ ಹಕ್ಕಂತೂ ಹುಟ್ಟಿದಾಗಿನಿಂದ ಇದೆ.

ಅಪ್ಪ ಸಿಂದಗಿಯ ಕಡೆಯ ಹಳ್ಳಿಯವರು. ಎಂಟು ವರ್ಷದವರಿದ್ದಾಗ ಬಾವಿಯಲ್ಲಿ ಈಜುವಾಗ ಅವರ ಕೊರಳಿನ ದಾರ ಹರಿದು ಲಿಂಗ ನೀರಿಗೆ ಬಿತ್ತಂತೆ. ಲಿಂಗ ಕಳೆದುಕೊಂಡವನು ಪ್ರಾಣ ಬಿಡಬೇಕು ಅನ್ನುವ ಮನೆತನ. ನಮ್ಮಜ್ಜ ಬಾವಿಯ ಮೆಟ್ಟಿಲ ಮೇಲೆ ಕೂತು, ಅದು ಸಿಗುವವರೆಗೂ ಹುಡುಗನಿಗೆ ಹನಿ ನೀರು ಕೊಡಬಾರದು ಅಂದನಂತೆ. ಬಾವಿಯ ಹುಡುಗರೆಲ್ಲ ಮುಳುಗಿ ಮುಳುಗಿ ಇಳಿಹೊತ್ತಿಗೆ ಅದನ್ನು ತೆಗೆದರು. ಅವತ್ತಿನಿಂದ ಅಪ್ಪನ ಬಲಗೈ ಎದೆಗೆ ಹೋಗಲು ಶುರುವಾಯಿತು ಅಂತ ಅವರ ಹೇಳಿಕೆ. ಆಮೇಲೆ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯಲ್ಲಿ ನಾಪಾಸಾದರು. ಶಾಲೆಯಲ್ಲಿ ಎಲ್ಲರಿಗಿಂತ ಜಾಣ, ಪರೀಕ್ಷೆಯಲ್ಲಿ ಮಾತ್ರ ಸೊನ್ನೆ. ಯಾಕೆ ಅಂತ ಯಾರು ಕೇಳಿದರೂ ಅರವತ್ತು ವರ್ಷ ಒಂದೇ ಉತ್ತರ ಕೊಟ್ಟರು: "ಜ್ವರ ಬಂದಿತ್ತು."

ಓದು ಕೈಬಿಟ್ಟವರು ಇಪ್ಪತ್ತೊಂದನೆಯ ವಯಸ್ಸಿಗೆ ಅಂಬರನಾಥಕ್ಕೆ ಬಂದು ನಟ್ಟು-ಬೋಲ್ಟಿನ ಕಾರ್ಖಾನೆ ಸೇರಿದರು. ತಯಾರಾದ ಬೋಲ್ಟನ್ನು ಅಳತೆಯ ಗೇಜಿನಲ್ಲಿ ತೂರಿಸಿ ಸರಿಯಿದೆಯೋ ಇಲ್ಲವೋ ನೋಡುವ ಕೆಲಸ. ಐವತ್ತಕ್ಕೆ ಒಂದನ್ನು ನೋಡಿದರೆ ಸಾಕು ಅಂತ ನಿಯಮ. ಅಪ್ಪ ಐವತ್ತಕ್ಕೆ ಐವತ್ತನ್ನೂ ನೋಡುತ್ತಿದ್ದರು, ಒಂದೊಂದನ್ನು ಮೂರು ಸಲ. ಅವರ ಮೇಜಿನ ಮುಂದೆ ಮಾಲು ಗುಡ್ಡೆ ಬೀಳುತ್ತಿತ್ತು. ಫೋರ್ಮನ್ ಬಂದು, "ಅರೇ ಚನ್ನಪ್ಪಾ, ಬೋಲ್ಟ್ ಚೆಕ್ ಕರ್ನಾ ಹೈ, ಉಸ್ಸೇ ಶಾದಿ ನಹೀ ಕರ್ನಾ", ಬೋಲ್ಟನ್ನು ನೋಡು ಅಂದರೆ ಮದುವೆಯಾಗು ಅಂತಲ್ಲ ಅಂತ ಬೈಯುತ್ತಿದ್ದ. ಒಂದು ವರ್ಷ ದೊಡ್ಡ ಗಿರಾಕಿಯೊಬ್ಬ ಇಡೀ ಲಾರಿ ಮಾಲನ್ನು ವಾಪಸು ಕಳಿಸಿದ, ಅಪ್ಪನ ಚೀಟಿ ಅಂಟಿಸಿದ ಹದಿನಾಲ್ಕು ಪೆಟ್ಟಿಗೆ ಮಾತ್ರ ಇಟ್ಟುಕೊಂಡ. ಮರುದಿನ ಮಾಲೀಕರು ಅಪ್ಪನನ್ನು ಹೆಡ್ ಚೆಕರ್ ಮಾಡಿದರು. ರೋಗಕ್ಕೆ ಬಡ್ತಿ ಸಿಕ್ಕ ಸುದ್ದಿಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಕಾರ್ಖಾನೆಗೆ ಲಾಭವಾದದ್ದು ಮನೆಗೆ ಪೀಡೆಯಾಯಿತು. ಮನೆ ಬಿಡುವಾಗ ಬೀಗ ಹಾಕಿ ಏಳು ಸಲ ಜಗ್ಗಬೇಕು. ಆರನೆಯ ಸಲ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ. ನಮ್ಮವ್ವ ಗಿರಿಜವ್ವ ಮದುವೆಯಾದ ತಿಂಗಳಲ್ಲೇ ಇದಕ್ಕೆ ಉಪಾಯ ಕಂಡುಕೊಂಡಳು. ತಾನೇ ಪಕ್ಕದಲ್ಲಿ ನಿಂತು, "ಒಂದು... ಎರಡು... ಏಳು. ಸಾಕು, ನಡೀರಿ" ಅಂತ ಜೋರಾಗಿ ಎಣಿಸಿ ತೋಳು ಹಿಡಿದು ಎಳೆದುಕೊಂಡು ಹೋಗುವುದು. ಅವ್ವ ಇಲ್ಲದ ಕಡೆ ಈ ಉಪಾಯ ನಡೆಯುತ್ತಿರಲಿಲ್ಲ. ನನ್ನ ಮದುವೆಯ ದಿನ ಅವ್ವ ನನ್ನ ಜೊತೆ ಮೊದಲೇ ಮಂಟಪಕ್ಕೆ ಹೋಗಿದ್ದಳು. ಅಪ್ಪ ಕಲ್ಯಾಣದ ತನಕ ಬಂದು, ಬೀಗದ ನೆನಪಾಗಿ ತಿರುಗಿ ಹೋದರು. ಅಕ್ಷತೆ ಬಿದ್ದಾಗ ಕನ್ಯಾಪಿತೃ ಠಾಕುರ್ಲಿ ಸ್ಟೇಷನ್ನಿನಲ್ಲಿದ್ದರು. ಆ ಮದುವೆ ನೆಟ್ಟಗಾಗದೆ ಹೋದದ್ದಕ್ಕೆ ನಾನು ಬಹಳ ವರ್ಷ ಅದೇ ಕಾರಣ ಕೊಡುತ್ತಿದ್ದೆ.

ಇದು ಅಪ್ಪನೊಬ್ಬರ ಕತೆಯಲ್ಲ, ವಂಶದ್ದೇ ಹಾಗೆ. ಆ ಬಾವಿಯ ಅಜ್ಜ ಎತ್ತಿನ ಹಗ್ಗದ ಗಂಟು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದನಂತೆ. ಊರಿನವರು ಅವನನ್ನು ಜೋಪಾನದ ಮನುಷ್ಯ ಅಂದರು. ಕಲ್ಯಾಣದಲ್ಲಿರುವ ಸೋದರತ್ತೆ ಚಂದ್ರಬಾಯಿ ತಂದ ಮೆಂತ್ಯದ ಸೊಪ್ಪನ್ನು ಎಲೆಎಲೆಯಾಗಿ ತೊಳೆಯುತ್ತಾಳೆ, ಅವಳ ಮನೆಯಲ್ಲಿ ಪಲ್ಯ ತಿನ್ನಬೇಕಾದರೆ ಮಧ್ಯಾಹ್ನದ ಊಟ ಸಂಜೆಗೆ. ಅವಳಿಗೆ ಶುಚಿಯ ಹೆಂಗಸು ಅಂತ ಹೆಸರು. ಅಪ್ಪನಿಗೆ ಲಿಂಗನಿಷ್ಠ ಅಂತ ಹೆಸರು. ನನಗೆ ಅಂಥದ್ದೇನೂ ಇಲ್ಲ. ನಾನು ಶಿಸ್ತಿನ ಹೆಂಗಸು, ಅಷ್ಟೇ. ಗ್ಯಾಸಿನ ಮುಂದೆ, ಇಸ್ತ್ರಿಯ ಮುಂದೆ ನಿಂತು ಮೂರು ಸಲ 'ಬಂದ್, ಬಂದ್, ಬಂದ್' ಅನ್ನದೆ ಹೊರಬೀಳುವುದಿಲ್ಲ. ಅದು ಎಲ್ಲರೂ ಮಾಡುವುದೇ ಅಂದುಕೊಂಡಿದ್ದೆ.

ರಮಿತಾಳ ಪಾಳಿ ಬರುವ ಹೊತ್ತಿಗೆ ವಂಶದಲ್ಲಿ ಒಳ್ಳೆಯ ಹೆಸರುಗಳೆಲ್ಲ ಖರ್ಚಾಗಿದ್ದವು. ಅವಳಿಗೆ ಸಿಕ್ಕದ್ದು 'ದಡ್ಡಿ'.

ಸಣ್ಣವಳಿದ್ದಾಗಿನಿಂದ ಅವಳ ಓದು ನಿಧಾನ. ಅಕ್ಷರ ತಿರುವುಮುರುವು ಮಾಡುತ್ತಿದ್ದಳು. ಎಂಟನೆಯ ತರಗತಿಗೆ ಬಂದ ಮೇಲೆ ಇನ್ನೊಂದು ಶುರುವಾಯಿತು. ಒಂದು ಸಾಲು ಬರೆಯುವುದು, ಅಳಿಸುವುದು, ಅದನ್ನೇ ಮತ್ತೆ ಬರೆಯುವುದು. ಒಂದು ಅಕ್ಷರದ ಕೊಂಬು ಸರಿಯಾಗಿ ಕೂರಲಿಲ್ಲ ಅಂದರೆ ಇಡೀ ಸಾಲು ಹೋಯಿತು. ಟ್ಯೂಷನ್ ಹಾಕಿದೆ, ಬಾದಾಮಿ ತಿನ್ನಿಸಿದೆ, ಮಂತ್ರಿಸಿದ ಪೆನ್ನು ತಂದೆ. ಒಂದು ದಿನ ತಾಳ್ಮೆಗೆಟ್ಟು ಅವಳ ವಹಿಯನ್ನು ಹರಿದು ಬೆನ್ನಿಗೆ ಎರಡು ಬಿಟ್ಟೆ. ಅವಳು ಅಳಲಿಲ್ಲ. ಹರಿದ ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ಜೋಡಿಸುತ್ತಾ ಕೂತಳು. ಆ ಏಟು ಈಗಲೂ ನನ್ನ ಕೈಯಲ್ಲಿ ಉರಿಯುತ್ತದೆ, ಅದನ್ನು ಮುಚ್ಚಿಟ್ಟು ಬೇರೆಯವರ ಕತೆ ಬರೆಯುವುದು ಸರಿಯಲ್ಲ.

ಹತ್ತನೆಯ ತರಗತಿಯ ಆರು ತಿಂಗಳ ಪರೀಕ್ಷೆಯಲ್ಲಿ ಪ್ರತಿ ಪೇಪರಿನಲ್ಲೂ ಒಂದೂವರೆ ಪ್ರಶ್ನೆಗೆ ಉತ್ತರ ಬರೆದು ಬಂದಳು. ಶಾಲೆಯವರು, ಇವಳನ್ನು ಪರೀಕ್ಷೆ ಮಾಡಿಸಿ, ಓದು-ಬರಹದ ತೊಂದರೆ ಇದ್ದರೆ ಬೋರ್ಡಿನವರು ಹೆಚ್ಚಿನ ವೇಳೆ ಕೊಡುತ್ತಾರೆ, ಅರ್ಜಿಗೆ ಇನ್ನು ಮೂರು ವಾರ ಇದೆ ಅಂದರು. ಅಲ್ಲಿ ಇಲ್ಲಿ ತಿರುಗಿ ಕೊನೆಗೆ ನೆರೂಳದ ಡಾಕ್ಟರ್ ವಿಶ್ರುತನ ಹತ್ತಿರ ಹೋದೆವು. ಮನಸ್ಸಿನ ಡಾಕ್ಟರು, ಮೂವತ್ತೈದರ ಹುಡುಗ, ಉಡುಪಿಯ ಕಡೆಯವನು. ಎರಡು ದಿನ ಅವಳಿಂದ ಓದಿಸಿದ, ಬರೆಸಿದ, ಮಾತಾಡಿಸಿದ.

ಆಮೇಲೆ ನನಗೆ ಹೇಳಿದ, "ಬುದ್ಧಿಗೆ ಏನೂ ಆಗ್ಲಿಲ್ಲ. ಓದು-ಬರಹದ ತೊಂದರೆ ಸ್ವಲ್ಪ ಉಂಟು. ಅದರ ಮೇಲೆ ಒಸಿಡಿ ಕೂತಿದೆ. ಸರಿ ಆಗ್ಲಿಲ್ಲ, ಸರಿ ಆಗ್ಲಿಲ್ಲ ಅಂತ ತಲೆ ಒಳಗೆ ಹೇಳ್ತಾ ಇರ್ತದೆ, ಕೈ ಮತ್ತೆ ಮತ್ತೆ ಅದನ್ನೇ ಮಾಡ್ತದೆ. ಎರಡಕ್ಕೂ ದಾರಿ ಉಂಟು. ಮನೆಯಲ್ಲಿ ಬೇರೆ ಯಾರಿಗಾದ್ರೂ ಇದೆಯಾ?"

"ಯಾರಿಗೂ ಇಲ್ಲ" ಅಂದೆ.

ರಮಿತಾ ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವ ಪೈಕಿ. ಡಾಕ್ಟರನ ಕಡೆ ತಿರುಗಿ, "ಮಮ್ಮಿ ಗ್ಯಾಸ್ ಕೋ ತೀನ್ ಬಾರ್ 'ಬಂದ್' ಬೋಲ್ತಿ ಹೈ. ಟ್ರೇನ್ ಮೇ ಲೆಫ್ಟ್ ಡೋರ್ ಸೇ ನಹೀ ಚಢೀ ತೋ ಉತರ್ ಜಾತಿ ಹೈ" ಅಂದಳು. ಗ್ಯಾಸಿನ 'ಬಂದ್' ಸಾಲದು ಅಂತ, ಗಾಡಿಯ ಎಡಬಾಗಿಲಿನಿಂದ ಹತ್ತಲಾಗದಿದ್ದರೆ ನಾನು ಇಳಿದುಬಿಡುವುದನ್ನೂ ಹೇಳಿಬಿಟ್ಟಳು.

ಡಾಕ್ಟರು ಬರೆದುಕೊಂಡ. ನನಗೆ ಮೈ ಉರಿಯಿತು. ಮುಯ್ಯಿ ತೀರಿಸಿಕೊಳ್ಳಲು ಅಪ್ಪನ ಬೀಗ, ಅಪ್ಪನ ಬೋಲ್ಟು, ಅಪ್ಪನ ಕರಡಿಗೆ, ಚಂದ್ರಬಾಯಿಯ ಮೆಂತ್ಯ ಎಲ್ಲ ಒಂದೇ ಉಸಿರಿನಲ್ಲಿ ಒದರಿಬಿಟ್ಟೆ. ಅವನು ಪೆನ್ನು ಕೆಳಗಿಟ್ಟು ನಕ್ಕ. "ಇಷ್ಟು ಇಟ್ಟುಕೊಂಡು ಯಾರಿಗೂ ಇಲ್ಲ ಅಂತೀರಲ್ಲ ಮಾರಾಯ್ರೆ" ಅಂದ. ಆಮೇಲೆ ಗಂಭೀರನಾದ. "ನೋಡಿ, ಅರ್ಜಿ ನಾನು ಬರೆದು ಕೊಡ್ತೇನೆ. ಆದ್ರೆ ಇವಳು ಪರೀಕ್ಷೆಗೆ ಕೂರುವುದೇ ಇಲ್ಲ ಅಂತಿದ್ದಾಳೆ. ತಾನೊಬ್ಬಳೇ ಹೀಗೆ, ತಾನು ದಡ್ಡಿ ಅಂತ ತಲೆಯಲ್ಲಿ ಕೂತಿದೆ. ಅದು ಹೋಗದೆ ಯಾವ ಔಷಧವೂ ಹಿಡಿಯುವುದಿಲ್ಲ. ಅಜ್ಜ ಬಂದು, ನಂಗೂ ಇದೆ ಅಂತ ಅವಳೆದುರು ಒಂದು ಮಾತು ಹೇಳಿದ್ರೆ ಆಗ್ತಿತ್ತು."

ಆ ಒಂದು ಮಾತಿಗೆ ಮನೆಯಲ್ಲಿ ರಣರಂಗವಾಯಿತು.

"ನಮ್ಮ ಮನಿತನದಾಗ ಹುಚ್ಚು ಇಲ್ಲ" ಅಂದರು ಅಪ್ಪ.

"ಹುಚ್ಚು ಅಂತ ಯಾರಂದ್ರು? ದಿನಾ ಮುನ್ನೂರು ಸಲ ಎದಿ ಮುಟ್ಕೋತೀರಲ್ಲ, ಅದನ್ನ ಹೋಗಿ ಹೇಳ್ರಿ ಅಂದ್ರ ಏನು ಗಂಟು ಹೋಗತೈತಿ?"

"ಅದು ಭಕ್ತಿ."

"ಬೀಗದ ಮ್ಯಾಲೂ ಭಕ್ತಿ ಏನ್ರಿ? ಬೋಲ್ಟಿನ ಮ್ಯಾಲೂ?"

ಅಪ್ಪ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಯ ಕಡೆ ತಿರುಗಿ ಕೂತರು. ಅವರ ಸಂಕಟ ನನಗೆ ಆಗ ತಿಳಿಯಲಿಲ್ಲ, ಹಟಮಾರಿ ಮುದುಕ ಅನ್ನಿಸಿತು. ಅವರಿಗಾದರೋ ಅದು ರೋಗ ಅಂತ ಒಪ್ಪಿಕೊಂಡರೆ ಅರವತ್ತೈದು ವರ್ಷದ ಪೂಜೆ ಏನಾಗಬೇಕು ಎಂಬ ಚಿಂತೆ. ಅವ್ವ ಒಳಗಿನಿಂದ ರೊಟ್ಟಿ ಬಡಿಯುತ್ತಲೇ ಅಂದಳು, "ಐವತ್ತು ವರ್ಷ ಬಾಗಲಾ ಮುಂದ ನಿಂತು ಎಣಿಸೇನಿ. ಒಂದು ದಿನಾನೂ ಇದು ಏನು ಅಂತ ನನಗ ಹೇಳಲಿಲ್ಲ. ಆ ಕೂಸಿಗಾದ್ರೂ ಹೇಳ್ರಿ."

ಹತ್ತು ದಿನ ಹೀಗೇ ಹೋಯಿತು. ಅರ್ಜಿಯ ದಿನ ಹತ್ತಿರ ಬಂತು. ಒಂದು ಭಾನುವಾರ ಶಾಲೆಯವರು ಕೊಟ್ಟ ಉತ್ತರಪತ್ರಿಕೆಗಳನ್ನು ಅರ್ಜಿಯ ಜೊತೆ ಲಗತ್ತಿಸಲು ನಾನು ನೆಲದ ಮೇಲೆ ಹರಡಿಕೊಂಡಿದ್ದೆ. ರಮಿತಾ ಬಾಲ್ಕನಿಯಲ್ಲಿ ನಿಂತು ಗೆಳತಿಗೆ ಫೋನಿನಲ್ಲಿ, "ಮೀ ಢ ಆಹೇ ಗಂ, ಮೀ ನಾಹೀ ಬಸಣಾರ್ ಪರೀಕ್ಷೇಲಾ" ಅನ್ನುತ್ತಿದ್ದಳು. ತಾನು ಶತದಡ್ಡಿ, ಪರೀಕ್ಷೆಗೆ ಕೂರುವುದಿಲ್ಲ ಅಂತ. ಐವತ್ತು ವರ್ಷ ಈ ಊರಿನಲ್ಲಿ ಕಳೆದ ಅಪ್ಪನಿಗೆ ಅಷ್ಟು ಮರಾಠಿ ಬಾರದೆ ಏನು. ಅವರು ಬಗ್ಗಿ ಒಂದು ಪತ್ರಿಕೆ ಎತ್ತಿಕೊಂಡರು. ಮೊದಲ ಉತ್ತರದ ಮೊದಲ ಸಾಲನ್ನು ಅವಳು ಎಷ್ಟು ಸಲ ಅಳಿಸಿದ್ದಳೆಂದರೆ ಅಲ್ಲಿ ಕಾಗದವೇ ತೂತಾಗಿತ್ತು. ಅಪ್ಪ ಆ ತೂತಿನಲ್ಲಿ ಬೆರಳು ತೂರಿಸಿದರು.

ಆಮೇಲೆ ಬಾಲ್ಕನಿಗೆ ಹೋದರು. "ರಮಿತಾ, ಫೋನ್ ಇಡು" ಅಂದರು. ಅವಳು ಇಟ್ಟಳು. "ನನ್ನ ಮುಲ್ಕಿ ಪೇಪರಿಗೂ ಹಿಂಗ ತೂತು ಬಿದ್ದಿತ್ತು. ಜ್ವರ ಗಿರ ಏನೂ ಬಂದಿರಲಿಲ್ಲ. ಪೇಪರಿನ ಮ್ಯಾಲ 'ಶ್ರೀ' ಅಂತ ಬರ್ಯೂದು, ಅಳಿಸೂದು. ಮೂರು ತಾಸು ಅದನ್ನ ಬರದೆ. ಮಾಸ್ತರು ಪೇಪರ್ ಕಸಗೊಂಡಾಗ ಅದೂ ಸರಿ ಆಗಿರಲಿಲ್ಲ."

ರಮಿತಾ ಮೊದಲ ಸಲ ಅಜ್ಜನ ಮುಖವನ್ನು ಪೂರಾ ನೋಡಿದಳು. "ಫಿರ್?" ಅಂದಳು.

"ಫಿರ್ ಏನು. ದಡ್ಡ ಅಂದ್ರು. ನಾನೂ ಹೌದು ಅಂತ ತಿಳಕೊಂಡೆ." ಅಪ್ಪ ತೂತಾದ ಪೇಪರನ್ನು ಅವಳ ಕೈಗೆ ಕೊಟ್ಟರು. "ನೀ ತಿಳಕೋಬ್ಯಾಡ."

ಬಾಗಿಲಲ್ಲಿ ನಿಂತ ಅವ್ವನ ಕೈಯಲ್ಲಿ ಲಟ್ಟಣಿಗೆ ಹಾಗೇ ಇತ್ತು. ನನಗೆ ಅಪ್ಪನ ಮೇಲೆ ಸಿಟ್ಟು, ಅರವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದಕ್ಕೆ. ಅದರ ಜೊತೆಗೆ ಅಳುವೂ ಬಂತು, ಅದನ್ನೂ ಸಿಟ್ಟಿನ ಲೆಕ್ಕಕ್ಕೇ ಹಾಕಿ ಅಡಿಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ.

ಮರುದಿನ ನಾವು ನಾಲ್ವರೂ ಠಾಣೆಯಲ್ಲಿ ಗಾಡಿ ಬದಲಿಸಿ ನೆರೂಳಕ್ಕೆ ಹೋದೆವು. ಡಾಕ್ಟರನ ಮುಂದೆ ಅಪ್ಪ ಎಲ್ಲ ಹೇಳಿದರು. ಹೇಳಿ ಮುಗಿಸಿ ಒಂದು ಪ್ರಶ್ನೆ ಕೇಳಿದರು: "ಹಂಗಾದ್ರ ನಂದು ಭಕ್ತಿ ಅಲ್ಲೇನ್ರಿ ಸಾಹೇಬ್ರ?"

ಹುಡುಗ ತಲೆ ಕೆರೆದುಕೊಂಡ. "ಅದು ನಂಗೆ ಹೇಗೆ ಗೊತ್ತಾಗ್ಬೇಕು ಅಜ್ಜ? ಮುಟ್ಟದೆ ಇದ್ದಾಗ ಎಷ್ಟು ಉಳೀತದೋ ಅಷ್ಟು ನಿಮ್ಮದು. ಬಾಕಿದ್ದು ಕಾಯಿಲೆದ್ದು" ಅಂದ. ಅವನ ಬಾಯಲ್ಲಿ ನಾನು ಕೇಳಿದ ಬುದ್ಧಿವಂತ ಮಾತು ಅದೊಂದೇ, ಉಳಿದದ್ದೆಲ್ಲ ಫಾರ್ಮು ಮತ್ತು ಮಾತ್ರೆ.

ಅರ್ಜಿ ಸಮಯಕ್ಕೆ ಹೋಯಿತು. ಅದರ ಬೆನ್ನು ಹತ್ತಿ ನಾನು ಎಷ್ಟು ಕಿಟಕಿಗಳ ಮುಂದೆ ಜಗಳವಾಡಿದೆ ಅಂತ ಇಲ್ಲಿ ಹೇಳಿದರೆ ಈ ಬರಹ ಇನ್ನೊಂದು ಫಾರ್ಮು ಆಗುತ್ತದೆ. ಕೊನೆಗೆ ಪ್ರತಿ ಪೇಪರಿಗೆ ಒಂದು ಗಂಟೆ ಹೆಚ್ಚಿಗೆ ಸಿಕ್ಕಿತು. ಈ ಕಡೆ ಅಜ್ಜ-ಮೊಮ್ಮಗಳ ಅಭ್ಯಾಸ ಶುರುವಾಯಿತು. ಡಾಕ್ಟರು ಇಬ್ಬರಿಗೂ ಒಂದೇ ಪಾಠ ಕೊಟ್ಟಿದ್ದ: ಒಂದು ಸಲ ಮಾಡು, ತಿರುಗಿ ನೋಡಬೇಡ, ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ, ಕೂತಿರು. ರಮಿತಾ ಒಂದು ಪುಟ ಅಳಿಸದೆ ಬರೆಯಬೇಕು, ಅಲ್ಲಿಯವರೆಗೆ ಅಪ್ಪ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಕರಡಿಗೆ ಮುಟ್ಟದೆ ಕೂರಬೇಕು. ಇಬ್ಬರೂ ಎದುರುಬದುರು ಕೂತು ಬೆವರುತ್ತಿದ್ದರು. ಒಬ್ಬರು ತಪ್ಪಿದರೆ ಇನ್ನೊಬ್ಬರಿಗೆ ಭಲೇ ಖುಷಿ. "ಅಜ್ಜಾ, ಚೀಟಿಂಗ್" ಅಂತ ಇವಳು, "ನೀ ರಬ್ಬರ್ ಎಲ್ಲಿ ಮುಚ್ಚಿಟ್ಟಿ, ತಗೀ" ಅಂತ ಅವರು. ಮೊದಲು ಐದು ನಿಮಿಷ, ಆಮೇಲೆ ಇಪ್ಪತ್ತು, ಫೆಬ್ರವರಿಯ ಹೊತ್ತಿಗೆ ಎರಡು ಗಂಟೆ. ಬೀಗ ಏಳರಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ ಇಳಿಯಿತು. ಅವ್ವನಿಗೆ ಎಣಿಸುವ ಕೆಲಸ ತಪ್ಪಿ, ಕೆಲವು ದಿನ ಬಾಗಿಲ ಮುಂದೆ ಏನು ಮಾಡಬೇಕೆಂದು ತಿಳಿಯದೆ ನಿಂತಿರುತ್ತಿದ್ದಳು.

ಮಾರ್ಚ್ ಬಂತು. ಪರೀಕ್ಷಾ ಕೇಂದ್ರ ಕಲ್ಯಾಣದ ಒಂದು ಶಾಲೆ. ಮೊದಲ ಪೇಪರಿನ ದಿನ ನಾಲ್ವರೂ ಹೋಗುವುದೆಂದು ಗೊತ್ತಾಯಿತು. ಮದುವೆಯ ದಿಬ್ಬಣದ ಹಾಗೆ ಅವ್ವ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಕಟ್ಟಿದಳು. ಒಂಬತ್ತೂಕಾಲಿಗೆ ಹೊರಡಬೇಕು. ಒಂಬತ್ತಕ್ಕೆ ರಮಿತಾಳಿಗೆ ಹಳೆಯದು ಕೆರಳಿತು. ಪೆನ್ನುಗಳನ್ನು ಪೌಚಿಗೆ ಹಾಕುವುದು, ಸುರುವುದು, ಮತ್ತೆ ಹಾಕುವುದು. "ಬರೋಬರ್ ನಹೀ ಲಗ್ ರಹಾ", ಸರಿ ಅನ್ನಿಸುತ್ತಿಲ್ಲ ಅಂತ ಬಿಳಿಚಿಕೊಂಡು, ಆರನೆಯ ಸಲ ಸುರಿದಾಗ, "ಮೈ ನಹೀ ಜಾವುಂಗಿ", ಹೋಗುವುದೇ ಇಲ್ಲ ಅಂದಳು. ನಾನು ಬೈದೆ. ನನಗೆ ಬರುವುದು ಅದೊಂದೇ. ಬೈದದ್ದಕ್ಕೆ ಅವಳು ಪೆನ್ನು ತುಂಬಿ ಏಳನೆಯ ಸಲ ಸುರಿದಳು.

ಅಪ್ಪ ಆಗ ಪೂಜೆಗೆ ಕೂತಿದ್ದರು. ಕೊರಳಿನ ಕರಡಿಗೆ ಬಿಚ್ಚಿಟ್ಟು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದರು. ನನಗೆ ತಿಳಿದಂತೆ ಆ ಪೂಜೆಯಿಂದ ಅವರು ನಡುವೆ ಎದ್ದದ್ದಿಲ್ಲ. ಒಮ್ಮೆ ಪಕ್ಕದ ಮನೆಯ ಸಿಲಿಂಡರು ಸೋರಿ ಇಡೀ ಬಿಲ್ಡಿಂಗು ಕೆಳಗಿಳಿದಾಗಲೂ ಮಂಗಳಾರತಿ ಮುಗಿಸಿಯೇ ಇಳಿದವರು. ಅವತ್ತು ಎದ್ದು ಬಂದರು. ಬಂದು ರಮಿತಾಳ ಮುಂದೆ ನೆಲಕ್ಕೆ ಕೂತು, ಪೆನ್ನುಗಳನ್ನು ಒಂದು ಹಿಡಿಯಲ್ಲಿ ಬಾಚಿ ಪೌಚಿಗೆ ಹಾಕಿ ಜಿಪ್ಪು ಎಳೆದರು. "ಸರಿ ಆಗಿಲ್ಲ" ಅಂದರು. "ಸರಿ ಆಗಿಲ್ಲದನ್ನ ತಗೊಂಡು ಹೋಗೂಣ. ನಡಿ." ಅವಳು ಎದ್ದಳು. ಅಪ್ಪ ಅಂಗಿ ತೊಟ್ಟರು, ಬೀಗ ಹಾಕಿದರು, ಒಂದೇ ಸಲ ಜಗ್ಗಿದರು. ನಾವು ಓಡಿದೆವು.

ಗಾಡಿ ಠಾಕುರ್ಲಿ ಬಿಟ್ಟಾಗ ಅಪ್ಪನ ಬಲಗೈ ಎದೆಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ನಾನು ನೋಡಿದೆ. ಇಷ್ಟು ತಿಂಗಳ ಅಭ್ಯಾಸ ನೀರಿಗೆ ಹೋಯಿತಲ್ಲ, ಅದೂ ಇವತ್ತು, ಅದೂ ಅವಳ ಕಣ್ಣೆದುರು ಅಂತ ರೇಗಿತು.

"ಅಪ್ಪಾ, ಕೈ ಕೆಳಗ" ಅಂದೆ.

ರಮಿತಾ ಕೂಡ ನೋಡಿದಳು. "ಅಜ್ಜಾ, ನೋ ಚೆಕಿಂಗ್. ಪ್ರಾಮಿಸ್ ಕಿಯಾ ಥಾ" ಅಂದಳು. ಅವಳ ಕೈ ತನ್ನ ಪೌಚಿನ ಜಿಪ್ಪಿನ ಮೇಲಿತ್ತು.

ಅಪ್ಪ ಅವಳ ಕೈ ನೋಡಿದರು. ತಮ್ಮ ಕೈಯನ್ನು ಎದೆಯಿಂದ ತೆಗೆದು ಮೊಣಕಾಲ ಮೇಲಿಟ್ಟರು. "ಆತವಾ" ಅಂದರು. ಅವಳೂ ಜಿಪ್ಪು ಬಿಟ್ಟಳು.

ಹನ್ನೊಂದಕ್ಕೆ ಅವಳು ಒಳಗೆ ಹೋದಳು. ನಾವು ಶಾಲೆಯ ಎದುರಿಗಿನ ಮರದ ಕಟ್ಟೆಯ ಮೇಲೆ ಕೂತೆವು. ಬಿಸಿಲು ಸುಡುತ್ತಿತ್ತು. ನಾನು ಚಹಾ ತಂದೆ, ಅಪ್ಪ ಬೇಡ ಅಂದರು. ನೀರಿನ ಬಾಟಲಿ ಕೊಟ್ಟೆ, ಅದೂ ಬೇಡ. ಒಂದು ಗಂಟೆಗೆ ಬುತ್ತಿ ಬಿಚ್ಚಿದರೆ ಅವ್ವನೂ ತಿನ್ನಲೊಲ್ಲಳು, ನೀರೂ ಒಲ್ಲಳು. "ಎಪ್ಪತ್ನಾಕು ವರ್ಷದ ಮನಿಶ್ಯಾ, ಮಾರ್ಚ್ ಬಿಸಲಾಗ ನೀರು ಕುಡೀದ ಕೂತು ಬಿದ್ದಗಿದ್ದರ ನಾ ಯಾರನ್ನ ನೋಡ್ಲಿ, ನಿಮ್ಮನ್ನೋ ಆ ಹುಡುಗೀನ್ನೋ?" ಅಂತ ಇಬ್ಬರಿಗೂ ಸೇರಿಸಿ ಬೈದೆ. ನಾನೊಬ್ಬಳೇ ಸಿಟ್ಟಿನಲ್ಲಿ ಎರಡು ರೊಟ್ಟಿ ತಿಂದೆ.

ಎರಡಕ್ಕೆ ಗಂಟೆ ಹೊಡೆದು ಬೇರೆ ಮಕ್ಕಳೆಲ್ಲ ಹೊರಗೆ ಬಂದರು. ಗೇಟು ಖಾಲಿಯಾಯಿತು. ನಾನು ಅಷ್ಟು ಕಿಟಕಿಗಳ ಮುಂದೆ ಜಗಳವಾಡಿ ತಂದ ಒಂದು ಗಂಟೆ ಇನ್ನೂ ಉಳಿದಿತ್ತು. ಅಪ್ಪನ ತುಟಿ ಒಣಗಿ ಬಿಳಿಯಾಗಿತ್ತು. ಬಲಗೈ ಮೊಣಕಾಲನ್ನು ಬಿಗಿಯಾಗಿ ಹಿಡಿದಿತ್ತು. ಕಣ್ಣು ಮಾತ್ರ ಗೇಟಿನ ಮೇಲಿತ್ತು.

ಮೂರಕ್ಕೆ ರಮಿತಾ ಬಂದಳು. ಬೆರಳಿಗೆಲ್ಲ ಶಾಯಿ. "ಹೋ ಗಯಾ" ಅಂದಳು. "ಲಾಸ್ಟ್ ಕ್ವೆಶ್ಚನ್ ಭೀ. ಹ್ಯಾಂಡ್‌ರೈಟಿಂಗ್ ಗಂದಾ ಹೈ, ಛೋಡ್ ದಿಯಾ." ಅಕ್ಷರ ಕೆಟ್ಟದ್ದನ್ನು ಅಳಿಸದೆ ಹಾಗೇ ಬಿಟ್ಟು ಬಂದಿದ್ದಳು. ನಾನು ಅವಳನ್ನು ಅಪ್ಪಿಕೊಂಡೆ.

ಅಪ್ಪ ಕಟ್ಟೆಯಿಂದ ಎದ್ದರು, ಅವ್ವ ತೋಳು ಹಿಡಿದಳು. "ಇನ್ನ ಮನಿಗೆ ಹೋಗೂಣೇನು?" ಅಂದರು. "ನನ್ನ ಲಿಂಗ ಪೂಜಾ ತಟ್ಟ್ಯಾಗ ಉಳದೈತಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎಂಟನೆಯ ವಯಸ್ಸಿನಿಂದ ಯಾವುದಕ್ಕೆ ಹೆದರಿದ್ದರೋ ಅದು ಗಾಡಿಯಲ್ಲಿ ಆಗಿಹೋಗಿತ್ತು. ಕೈ ಎದೆಗೆ ಹೋದಾಗ ಅಲ್ಲಿ ಏನೂ ಇರಲಿಲ್ಲ. ಕಲ್ಯಾಣದಲ್ಲಿ ಇಳಿದ ಕೂಡಲೇ ತಿರುಗಿ ಹೋಗಬಹುದಿತ್ತು. ಹೋಗಿದ್ದರೆ ರಮಿತಾಳ ಪರೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು. ಅಂಥ ಹೊತ್ತಿನಲ್ಲಿ ನಾನು ಅವರಿಗೆ, ಕೈ ಕೆಳಗೆ ಇಳಿಸಿ ಅಂದಿದ್ದೆ. ಲಿಂಗವಿಲ್ಲದ ಮೈಯಲ್ಲಿ ನೀರು ಮುಟ್ಟಬಾರದು ಅಂತ ಅವರು ನಾಲ್ಕು ಗಂಟೆ ಬಿಸಿಲಿನಲ್ಲಿ ಕೂತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವಾಪಸು ಗಾಡಿಯಲ್ಲಿ ಅವ್ವನ ಕಿವಿಯಲ್ಲಿ ಕೇಳಿದೆ, "ನಿನಗ ಗೊತ್ತಿತ್ತೇನು?"

"ಠಾಕುರ್ಲಿ ಮುಂದ ಅವರ ಮಾರಿ ನೋಡಿದೆ, ಗೊತ್ತಾತು" ಅಂದಳು. "ಬಾಯಿ ಬಿಟ್ರ ಆ ಕೂಸು ಇಳದು ಬಿಡತಿತ್ತು."

ಮನೆಗೆ ಬಂದು ಬೀಗ ತೆಗೆದೆವು. ಲಿಂಗ ತಟ್ಟೆಯಲ್ಲಿ ಬೆಳಗಿನ ಹೂವಿನ ಮೇಲೆ ಇಟ್ಟ ಹಾಗೇ ಇತ್ತು. ಅಪ್ಪ ಸ್ನಾನ ಮಾಡಿ, ನಿಂತುಹೋದ ಪೂಜೆಯನ್ನು ನಿಂತಲ್ಲಿಂದ ಮುಗಿಸಿ, ಕರಡಿಗೆ ಕಟ್ಟಿಕೊಂಡರು. ಕೈ ಮತ್ತೆ ಎದೆಯ ಕಡೆ ಏಳುತ್ತಾ ನಡುವೆ ನಿಂತಿತು. ಬಾಗಿಲಲ್ಲಿ ನಿಂತ ರಮಿತಾ, "ಅಜ್ಜಾ, ಆಜ್ ಏಕ್ ಬಾರ್ ಚಲ್ತಾ ಹೈ" ಅಂದಳು.

ಅಪ್ಪ ಒಂದು ಸಲ ಮುಟ್ಟಿದರು. ಅವ್ವ ತಂಬಿಗೆ ಕೊಟ್ಟಳು. ಅವರು ಅರ್ಧ ಕುಡಿದು ಅವ್ವನಿಗೇ ಕೊಟ್ಟರು, ಉಳಿದದ್ದನ್ನು ಅವಳು ನಿಂತಲ್ಲೇ ಕುಡಿದಳು.

ಸಂಜೆ ನಾನು ಹೊಲಿಗೆ ಮಷಿನಿನ ಮೇಲಿದ್ದ ಶಾಲನ್ನು ತೆಗೆದೆ. ಎಣ್ಣೆಯ ಕಲೆ ಹೋಗಲಿಲ್ಲ, ಆದರೂ ಒಗೆದು ಒಣಗಿಸಿ ಇಸ್ತ್ರಿ ಮಾಡಿ ಅಪ್ಪನ ಕಪಾಟಿನಲ್ಲಿಟ್ಟೆ. ಇಸ್ತ್ರಿಯ ಗುಂಡಿ ಆರಿಸಿ 'ಬಂದ್' ಅಂದೆ. ಎರಡನೆಯದು ಬಾಯಿಗೆ ಬಂದಿತ್ತು. ನುಂಗಿಕೊಂಡು ಹೊರಗೆ ಬಂದೆ.